ಐದನೆಯ ಕ್ಯಾಸೆಟ್ಟಿನ ಖಾಲಿ ಸಾಲು

ಅವರು ಬಾಳೆಹಣ್ಣು ತಿನ್ನುತ್ತಿದ್ದ ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಕಮಲಾಪುರದ ಕೆಂಪು ಬಾಳೆ, ದಪ್ಪ ಸಿಪ್ಪೆಯದು. ನಮ್ಮ ಅಂಗಡಿಯ ಕೌಂಟರಿನ ಮುಂದೆ ನಿಂತು, ಕರವಸ್ತ್ರದಿಂದ ಹಣ್ಣನ್ನು ಒಮ್ಮೆ ಒರೆಸಿ, ಸಿಪ್ಪೆಯನ್ನು ಮೂರು ಸೀಳು ಮಾಡಿ ಅರ್ಧಕ್ಕೆ ಇಳಿಸಿ, ಉಳಿದರ್ಧವನ್ನು ಹಿಡಿಕೆಯ ಹಾಗೆ ಹಿಡಿದುಕೊಳ್ಳುತ್ತಿದ್ದರು. ಬಾಯಲ್ಲಿ ಹಣ್ಣಿರುವಾಗ ಮಾತಾಡುತ್ತಿರಲಿಲ್ಲ, ಆದರೆ ಕೇಳುತ್ತಿದ್ದರು. ನುಂಗಿದ ಮೇಲೆ "ಮುಂದ?" ಎನ್ನುತ್ತಿದ್ದರು.

ಅಷ್ಟು ವರ್ಷ ಬಂದುಹೋದರೂ ನನಗೆ ಒಂದು ಹಣ್ಣನ್ನೂ ಕೊಡಲಿಲ್ಲ ಎಂದು ಇಲ್ಲಿ ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ಒಮ್ಮೆ, ಯಾವುದೋ ಹಬ್ಬದ ಹಿಂದಿನ ದಿನ, ಅರ್ಧ ಡಜನ್ ತಂದು ಕೌಂಟರಿನ ಮೇಲೆ ಇಟ್ಟುಹೋಗಿದ್ದರು. ಸಿಟ್ಟಿಗೆ ಹೊಂದುವ ನೆನಪುಗಳು ಕರೆಯದೆಯೇ ಬರುತ್ತವೆ. ಹೊಂದದವನ್ನು ನಾನು ಕೈ ಹಿಡಿದು ಎಳೆದು ತರಬೇಕು. ಎಲ್ಲವನ್ನೂ ತರುತ್ತೇನೆಂದು ಮಾತು ಕೊಡುವುದಿಲ್ಲ.

ಅವರು ತೀರಿಕೊಂಡು ಒಂದು ವರ್ಷವಾಗುತ್ತ ಬಂತು. ಕಲಬುರ್ಗಿಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು, ಮನೆ ಕಮಲಾಪುರದಲ್ಲಿತ್ತು. ದಿನವೂ ಬಸ್ಸಿನಲ್ಲಿ ಬಂದು ಹೋಗುವವರು. ಸಂಜೆ ಪಾಠ ಮುಗಿದ ಮೇಲೆ, ಬಸ್ಸಿಗೆ ಹೋಗುವ ಮೊದಲು, ಜಗತ್ ಸರ್ಕಲ್ಲಿನ ಹತ್ತಿರದ ನಮ್ಮ ಅಂಗಡಿಯಲ್ಲಿ ಒಂದು ತಾಸು ನಿಲ್ಲುತ್ತಿದ್ದರು. ನಿಲ್ಲುತ್ತಿದ್ದರು ಎಂದೇ ಹೇಳಬೇಕು. ಸ್ಟೂಲ್ ಕೊಟ್ಟರೂ ಕೂರುತ್ತಿರಲಿಲ್ಲ. ಕೂತು ಕೇಳಿದರೆ ಹಾಡು ಹೊಟ್ಟೆಗೆ ಇಳಿಯುವುದಿಲ್ಲ ಎನ್ನುತ್ತಿದ್ದರು.

ನಮ್ಮದು ಹಾಡು ತುಂಬಿಸಿಕೊಡುವ ಅಂಗಡಿ. ಗಿರಾಕಿ ಖಾಲಿ ಕ್ಯಾಸೆಟ್ ತಂದರೆ ಅವನಿಗೆ ಬೇಕಾದ ಹಾಡು ತುಂಬಿಸಿ ಕೊಡುವುದು. ಹಿಂಬದಿಯ ಕೋಣೆಯಲ್ಲಿ ನನ್ನ ಯಜಮಾನರು ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ಮುಂದೆ ನಾನು. ಕ್ಯಾಸೆಟ್ ತುಂಬಿದ ಮೇಲೆ ಅದರ ಜತೆಗಿನ ಕಾರ್ಡಿನಲ್ಲಿ ಹಾಡಿನ ಹೆಸರುಗಳನ್ನು ಸಣ್ಣ ಅಕ್ಷರದಲ್ಲಿ ಬರೆಯುವುದೂ ನನ್ನ ಕೆಲಸವೇ. ಕಾರ್ಡಿನಲ್ಲಿ ಒಂದೊಂದು ಬದಿಗೆ ಆರು ಗೆರೆಗಳಿರುತ್ತಿದ್ದವು. ನಮ್ಮ ಗಾಯಕಿ ಬಾಯಿಯವರ ಹಾಡುಗಳು ಉದ್ದ, ಒಂದು ಬದಿಗೆ ಐದೇ ಹಿಡಿಯುತ್ತಿದ್ದವು. ಕೊನೆಗೆ ಒಂದು ಗೆರೆ ಖಾಲಿ ಉಳಿಯುತ್ತಿತ್ತು. ಆ ಗೆರೆಯಲ್ಲಿ ನಾನು ನನಗೆ ಅನಿಸಿದ ಒಂದು ಮಾತು ಬರೆದುಬಿಡುತ್ತಿದ್ದೆ. ಯಾರೂ ಕೇಳಿರಲಿಲ್ಲ. ಬಿಳಿ ಜಾಗ ಬಿಡಲು ಮನಸ್ಸು ಬರುತ್ತಿರಲಿಲ್ಲ, ಅಷ್ಟೇ.

ಬಾಯಿಯವರು ಎಂದರೆ ಧಾರವಾಡ ಸೀಮೆಯ ಒಬ್ಬ ಗಾಯಕಿ. ಹೆಸರು ಬೇಡ. ವಚನ, ತತ್ವಪದ, ಒಂದಿಷ್ಟು ಗಜಲು ಹಾಡುತ್ತಿದ್ದರು. ಒಟ್ಟು ಆರು ಕ್ಯಾಸೆಟ್ ಬಂದವು. ಈ ಆರರ ಬಗ್ಗೆ ನನ್ನಷ್ಟು ಯೋಚಿಸಿದವರು ಆ ಕಾಲದಲ್ಲಿ ಈ ಊರಿನಲ್ಲಿ ಇರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಮೂವತ್ತು ವರ್ಷ ಹಿಡಿಯಿತು.

ಮೊದಲನೆಯದು ಉಸಿರಿನ ಕ್ಯಾಸೆಟ್ಟು. ಬರೀ ಹಾರ್ಮೋನಿಯಂ, ತಬಲಾ. ಮೂರನೆಯ ಹಾಡಿನ ಎರಡನೆಯ ಸಾಲಿಗೆ ಮೊದಲು ಬಾಯಿ ಉಸಿರು ಎಳೆದುಕೊಳ್ಳುವುದು ಸ್ಪಷ್ಟವಾಗಿ ಕೇಳಿಸುತ್ತದೆ, ಹೊಸ್ತಿಲು ದಾಟುವ ಮೊದಲು ಸೆರಗು ಸರಿಮಾಡಿಕೊಂಡ ಹಾಗೆ. ಮುಂದಿನ ವರ್ಷ ಕಂಪನಿಯವರು ಮತ್ತೆ ಅಚ್ಚು ಹಾಕಿದಾಗ ಆ ಉಸಿರನ್ನು ಕತ್ತರಿಸಿ ತೆಗೆದಿದ್ದರು. ಹಾಡು ಸತ್ತುಹೋಗಿತ್ತು. ಎರಡನೆಯದರಲ್ಲಿ ಒಂದು ಹಿಂಡು ಪಿಟೀಲುಗಳು ಬಂದವು. ಅದರಲ್ಲಿ ಬಾಯಿ ದೊಡ್ಡವರ ಮನೆಗೆ ಹೋಗಿ ಕುರ್ಚಿಯ ಅಂಚಿನಲ್ಲಿ ಕೂತವರಂತೆ ಹಾಡುತ್ತಾರೆ. ಮೂರನೆಯದು ತತ್ವಪದ. ತಬಲಾ ಗಂಟಲಿಗಿಂತ ಜೋರಾಗಿದೆ. ನುಡಿಸಿದವನು ಅವರ ಗಂಡನಿರಬೇಕೆಂದು ಊಹಿಸಿದ್ದೆ, ಅದು ನಿಜವೇ ಆಗಿತ್ತು. ನಾಲ್ಕನೆಯದು ಗಜಲು. ಬಾಯಿಯ ಉರ್ದು ಉಚ್ಚಾರಕ್ಕೆ ಪಕ್ಕದ ಗಡಿಯಾರ ರಿಪೇರಿಯ ಚಾಚಾ ನಗುತ್ತಿದ್ದ. ನನಗೆ ಅದೇ ಹಿಡಿಸಿತ್ತು. ಅದು ಲಖನೌದ ಉರ್ದು ಅಲ್ಲ, ನಮ್ಮ ಬಜಾರದ್ದು. ತರಕಾರಿ ಚೀಲ ಕೈಯಲ್ಲಿ ಹಿಡಿದು ಹಾಡಿದ ಗಜಲು ಎಂದು ಕಾರ್ಡಿನಲ್ಲಿ ಬರೆದಿದ್ದೆ.

ಆ ಸಾಲುಗಳನ್ನು ನೋಡಿಯೇ ಅವರು ನನ್ನನ್ನು ಮಾತಿಗೆ ಎಳೆದದ್ದು. ಕನ್ನಡಕವನ್ನು ಹಣೆಗೇರಿಸಿ ಕಾರ್ಡನ್ನು ಕಣ್ಣಿನ ಹತ್ತಿರ ತಂದು ಓದಿ, ಇದನ್ನು ಯಾರು ಬರೆದದ್ದೆಂದು ಕೇಳಿದರು. ನಾನೇ ಎಂದೆ. ಹಾಗೆಂದರೆ ಏನು, ಬಿಡಿಸಿ ಹೇಳು ಎಂದರು. ಹೇಳಿದೆ. ಆ ದಿನ ಸಂಜೆಯ ಬಸ್ಸು ತಪ್ಪಿಸಿಕೊಂಡರು ಎಂದು ನೆನಪು. ತಪ್ಪಿಸಿಕೊಳ್ಳಲಿಲ್ಲವೋ ಏನೋ. ನನ್ನ ಮಾತಿಗಾಗಿ ಯಾರೋ ಬಸ್ಸು ತಪ್ಪಿಸಿಕೊಂಡರು ಎಂಬುದು ನನಗೆ ಬೇಕಾಗಿದ್ದ ಸಂಗತಿ. ಹಾಗಾಗಿ ಅದನ್ನು ಪೂರ್ತಿ ನಂಬಬೇಡಿ.

ಕೇಳುವಾಗ ಅವರು ಎಡಗಿವಿಯನ್ನು ತೋರುಬೆರಳಿನಿಂದ ಮುಚ್ಚಿಕೊಳ್ಳುತ್ತಿದ್ದರು. ಹಾಡನ್ನು ಕೇಳುವಾಗಲೂ ಹಾಗೆ, ನನ್ನನ್ನು ಕೇಳುವಾಗಲೂ ಹಾಗೆ. ಅಷ್ಟು ಗಮನದಿಂದ ನನ್ನನ್ನು ಅದಕ್ಕೂ ಮುಂಚೆ ಯಾರೂ ಕೇಳಿರಲಿಲ್ಲ, ಆಮೇಲೂ ಇಲ್ಲ. ಕಳ್ಳನ ಗಮನವೂ ಗಮನವೇ.

ನಾಲ್ಕೈದು ತಿಂಗಳ ಮೇಲೆ ಒಂದು ಸೋಮವಾರ ಪತ್ರಿಕೆಯ ಪುರವಣಿಯೊಂದನ್ನು ಮಡಿಸಿಕೊಂಡು ಬಂದರು. ಬಾಯಿಯ ಮೊದಲ ಕ್ಯಾಸೆಟ್ಟಿನ ಬಗ್ಗೆ ಲೇಖನ ಬರೆದಿದ್ದರು, ಅದನ್ನು ನನಗೆ ಓದಿ ಹೇಳಬೇಕಿತ್ತು. ಕೌಂಟರಿಗೆ ಒರಗಿ ನಿಂತು, ತರಗತಿಯಲ್ಲಿ ಓದುವ ದನಿಯಲ್ಲಿ ಓದಿದರು. ಹೊಸ್ತಿಲು ಬಂತು. ಸೆರಗು ಬಂತು. ಸತ್ತ ಹಾಡೂ ಬಂತು. ಓದುತ್ತ ಓದುತ್ತ ನನ್ನ ಮುಖ ನೋಡುತ್ತಿದ್ದರು. ಆ ನೋಟದಲ್ಲಿ ಅಳುಕಿದ್ದರೆ ನಾನು ಇಂದು ಇದನ್ನು ಬರೆಯುತ್ತಿರಲಿಲ್ಲ. ಅಳುಕಿರಲಿಲ್ಲ. ಮೊದಲ ಸಲ ಪದ್ಯ ಬಾಯಿಪಾಠ ಒಪ್ಪಿಸುವವರ ಸಂತೋಷವಿತ್ತು.

"ಹ್ಯಾಂಗದ ತಂಗಿ, ಹೇಳು."

"ಚಂದ ಅದರಿ ಸರ್," ಎಂದೆ.

ಅವರು ಹೋದ ಮೇಲೆ ಹಿಂದಿನ ಕೋಣೆಯಿಂದ ಯಜಮಾನರು ಸೋಲ್ಡರಿಂಗ್ ಕಡ್ಡಿ ಹಿಡಿದೇ ಹೊರಗೆ ಬಂದರು.

"ಅದೆಲ್ಲ ನೀ ಅಂದಿದ್ದಲ್ಲೇನು?"

"ಹೌದು."

"ಮತ್ತ ಚಂದ ಅದ ಅಂದಿ?"

"ಚಂದ ಇತ್ತಲ್ಲ," ಎಂದೆ. ಅವರು ನಕ್ಕು ಒಳಗೆ ಹೋದರು. ನನಗೆ ನಗು ಬರಲಿಲ್ಲ.

ಹಾಗೆ ನಾಲ್ಕು ಲೇಖನ ಬಂದವು, ನಾಲ್ಕು ಕ್ಯಾಸೆಟ್ಟಿಗೆ ನಾಲ್ಕು. ಕುರ್ಚಿಯ ಅಂಚಿನ ಮಾತನ್ನು ಜನ ಎತ್ತಿ ಆಡತೊಡಗಿದರು. ನಮ್ಮ ಅಂಗಡಿಗೆ ಬಂದ ಬ್ಯಾಂಕಿನವರೊಬ್ಬರು ನನಗೇ ಅದನ್ನು ಹೇಳಿದರು, ಪ್ರೊಫೆಸರರು ಏನು ಬರೀತಾರ್ರಿ ಎಂದು. ಎದ್ದುನಿಂತು ಜಗಳ ಮಾಡಬೇಕಿತ್ತು ಎಂದು ಈಗ ಅನ್ನುವುದು ಸುಲಭ. ಆಗ ನನ್ನ ಹತ್ತಿರ ಇದ್ದ ಸಾಕ್ಷಿಯೆಂದರೆ ಗಿರಾಕಿಗಳ ಮನೆ ಸೇರಿದ ಕಾರ್ಡುಗಳು ಮಾತ್ರ. ಯಾರ ಮನೆಗೆ ಹೋಗಿ ಕೇಳಲಿ?

ಆ ವರ್ಷ ಬಾಯಿಯವರು ಕಲಬುರ್ಗಿಗೆ ಬಂದರು. ಸನ್ಮಾನ ಇಟ್ಟುಕೊಂಡಿದ್ದರು, ಏರ್ಪಾಡು ಮಾಡಿದವರಲ್ಲಿ ನಮ್ಮ ಪ್ರೊಫೆಸರರೂ ಒಬ್ಬರು. ಬಾಯಿಯನ್ನು ಭೇಟಿ ಮಾಡಿಸುತ್ತೇನೆ, ಬಾ ಎಂದು ತಾವಾಗಿಯೇ ಕರೆದಿದ್ದರು. ಎರಡು ವಾರ ನಾನು ಒಂದು ವಾಕ್ಯ ತಯಾರು ಮಾಡಿಕೊಂಡೆ. ಆ ಉಸಿರಿನ ಬಗ್ಗೆ, ಕಂಪನಿಯವರಿಗೆ ಹೇಳಿ ಅದನ್ನು ವಾಪಸು ಹಾಕಿಸಿರಿ ಎಂಬ ಬಿನ್ನಹ. ವೇದಿಕೆಯ ಹಿಂದಿನ ಕೋಣೆಯಲ್ಲಿ ಬಾಯಿ ಬಿಸಿನೀರು ಕುಡಿಯುತ್ತ ಕೂತಿದ್ದರು, ನಾನು ತಿಳಿದದ್ದಕ್ಕಿಂತ ಗಿಡ್ಡ. ನನ್ನ ಕಡೆ ನೋಡಿ, ಇವರು ಯಾರು ಎಂದು ಕೇಳಿದರು.

"ಇವರು ನಮ್ಮ ಕ್ಯಾಸೆಟ್ ಅಂಗಡಿಯವರು," ಎಂದು ಪ್ರೊಫೆಸರರು ಹೇಳಿದರು. "ಅಕ್ಷರ ಭಾಳ ಚಂದ ಬರೀತಾರ."

"ಹೌದೇನು? ಚಲೋ ಆತು," ಎಂದು ಬಾಯಿ ನನ್ನ ಬೆನ್ನು ಸವರಿದರು. ಅಷ್ಟರಲ್ಲಿ ವೇದಿಕೆಯಿಂದ ಕರೆ ಬಂತು. ನನ್ನ ವಾಕ್ಯ ಬಾಯಲ್ಲೇ ಉಳಿಯಿತು.

ನಾನು ಹೋಗಿ ಹೆಂಗಸರ ಸಾಲಿನಲ್ಲಿ ಕೂತೆ. ಮೈಕಿನ ಮುಂದೆ ಇವರು ಆ ಉಸಿರಿನ ಮಾತು ಎತ್ತಿದರು. ಹೊಸ್ತಿಲು, ಸೆರಗು. ಬಾಯಿ ಕಣ್ಣು ಒರೆಸಿಕೊಂಡರು. ಸಭೆ ಚಪ್ಪಾಳೆ ತಟ್ಟಿತು. ಪಕ್ಕದವರು ನೋಡುತ್ತಿದ್ದರೆಂದು ನಾನೂ ತಟ್ಟಿದೆ.

ಮೈ ಉರಿಯುವುದು ಎಂದರೆ ಏನೆಂದು ಆ ದಿನ ತಿಳಿಯಿತು. ಕದ್ದದ್ದನ್ನು ಹೇಗೋ ನುಂಗಿಕೊಂಡಿದ್ದೆ. ಕೈಬರಹವನ್ನು ಹೊಗಳಿದ್ದನ್ನು ನುಂಗಲಾಗಲಿಲ್ಲ. ಈಗಲೂ ಯಾರಾದರೂ ನಿಮ್ಮ ಅಕ್ಷರ ಚಂದ ಎಂದರೆ ನಾನು ಉತ್ತರ ಕೊಡುವುದಿಲ್ಲ.

ಇನ್ನು ಐದನೆಯ ಕ್ಯಾಸೆಟ್ಟು.

ಕ್ಯಾಸೆಟ್ ತುಂಬಿಸಲು ನಮ್ಮಲ್ಲಿ ಎರಡು ಮಶೀನು ಇದ್ದವು. ಒಂದು ಹೊಸದು. ಇನ್ನೊಂದು ಹಳೆಯದು, ಯಜಮಾನರು ಅದರಲ್ಲಿ ಅಸಲು ಕ್ಯಾಸೆಟ್ ಓಡಿಸುವ ಮೋಟರಿನ ಸ್ಕ್ರೂ ತಿರುಗಿಸಿ ಕೆಡಿಸಿಟ್ಟಿದ್ದರು. ಹಾಡು ಸ್ವಲ್ಪ ಜೋರಾಗಿ ಓಡುತ್ತಿತ್ತು. ಕಂಡುಹಿಡಿದದ್ದು ಚಾಚಾ. ಅವನಿಗೆ ಹಾಡಿನ ಗೊಡವೆ ಇಲ್ಲ, ಸಮಯದ್ದೇ ಧ್ಯಾನ. ಮೂವತ್ತು ನಿಮಿಷದ ಬದಿ ಇಪ್ಪತ್ತೆಂಟು ಚಿಲ್ಲರೆಗೆ ಮುಗಿದದ್ದನ್ನು ಕೈಯಲ್ಲಿದ್ದ ಗಡಿಯಾರದಲ್ಲಿ ತೋರಿಸಿ, "ಯೇ ಮಶೀನ್ ಭಾಗ್ ರೈ ಬೇಟಿ, ಇಸ್ಕು ಪಕಡೋ," ಎಂದಿದ್ದ. ಓಡುತ್ತಿರುವ ಮಶೀನನ್ನು ಹಿಡಿಯಬೇಕಂತೆ. ಅದರಿಂದ ತುಂಬಿಸಿದರೆ ಹಾಡುವವರ ದನಿ ಅರ್ಧ ಸ್ವರ ಮೇಲೇರುತ್ತಿತ್ತು. ಬಾಯಿ ಹಾಡುವುದು ಹಾರ್ಮೋನಿಯಂನ ಕಾಳಿ ಒಂದರಲ್ಲಿ, ಇದರಲ್ಲಿ ಅದರ ಪಕ್ಕದ ಬಿಳಿ ಎರಡಾಗಿ ಕೇಳಿಸುತ್ತಿತ್ತು. ಗಂಟಲು ಎಳೆಯದಾಗುತ್ತಿತ್ತು, ನಡಿಗೆ ಚುರುಕಾಗುತ್ತಿತ್ತು.

ಬಾಯಿಯ ಐದನೆಯ ಕ್ಯಾಸೆಟ್ಟು ಹುಬ್ಬಳ್ಳಿಯಿಂದ ಬಂದ ದಿನವೇ ಪ್ರೊಫೆಸರರಿಗೆ ಬೇಕಾಗಿತ್ತು. ಪತ್ರಿಕೆಗೆ ಎಲ್ಲರಿಗಿಂತ ಮೊದಲು ಬರೆಯಬೇಕಂತೆ. ನಾನು ಅದನ್ನು ಹಳೆಯ ಮಶೀನಿಗೆ ಹಾಕಿ ತುಂಬಿಸಿಕೊಟ್ಟೆ.

ಇದನ್ನು ಮೂವತ್ತು ವರ್ಷದಿಂದ ನನಗೆ ನಾನೇ ಹೇಳಿಕೊಳ್ಳುತ್ತ ಬಂದದ್ದು ಹೀಗೆ: ಎದುರಿಗೆ ಎರಡು ಮಶೀನು ಇದ್ದವು, ನಾನು ಆರಿಸಿದೆ. ಕೆಟ್ಟ ಕಿವಿಗೆ ಕೆಟ್ಟ ಹಾಡು, ಬರೆಯಲಿ ನೋಡೋಣ ಎಂದುಕೊಂಡೆ. ಹೀಗೆ ಹೇಳಿಕೊಂಡಾಗಲೆಲ್ಲ ಹಾಯೆನಿಸುತ್ತದೆ. ಇನ್ನೊಂದು ಪಾಠವೂ ಇದೆ. ಅದು ಲಗ್ನದ ಸೀಜನ್ನು, ಹೊಸ ಮಶೀನಿನಲ್ಲಿ ಯಾರದೋ ಮದುವೆಯ ಹಾಡುಗಳು ತುಂಬುತ್ತಿದ್ದವು, ಇವರಿಗೆ ಅವಸರವಿತ್ತು, ಖಾಲಿ ಇದ್ದದ್ದು ಹಳೆಯದೊಂದೇ. ಈ ಎರಡನೆಯದು ನಿಜವಾಗಿದ್ದರೆ ನಾನು ಸೇಡು ತೀರಿಸಿಕೊಳ್ಳಲಿಲ್ಲ, ಕೆಲಸ ಕೆಡಿಸಿದೆ, ಆಮೇಲೆ ಅದಕ್ಕೆ ಸೇಡು ಎಂದು ಹೆಸರಿಟ್ಟೆ. ಮದುವೆಯ ಹಾಡುಗಳು ನೆನಪಿನಲ್ಲಿ ಬಹಳ ಸ್ಪಷ್ಟವಾಗಿವೆ. ಅದೇ ನನಗೆ ಕಾಟ.

ಎರಡು ಸಂಗತಿ ಮಾತ್ರ ಖಚಿತ. ಕೊಟ್ಟ ಕ್ಯಾಸೆಟ್ಟು ಕೆಟ್ಟದ್ದೆಂದು ಮರುದಿನ ಬೆಳಿಗ್ಗೆ ನನಗೆ ಗೊತ್ತಿತ್ತು, ಆದರೂ ಅವರನ್ನು ಕರೆದು ಹೇಳಲಿಲ್ಲ. ಮತ್ತು ಆ ಕಾರ್ಡಿನ ಕೊನೆಯ ಗೆರೆಯಲ್ಲಿ ನಾನು ಏನೂ ಬರೆಯಲಿಲ್ಲ. ಅದಂತೂ ಬೇಕೆಂದೇ. ಅವರು ಕೌಂಟರಿಗೆ ಬಂದು "ಮುಂದ?" ಎಂದಾಗಲೂ, ಇನ್ನೂ ಸರಿಯಾಗಿ ಕೇಳಿಲ್ಲ ಸರ್ ಎಂದೆ. ತಾನೇ ಬರೆಯಲಿ.

ಬರೆದರು. ಲೇಖನಕ್ಕೆ 'ಹಿಂದಕ್ಕೆ ನಡೆದ ದನಿ' ಎಂದು ಹೆಸರು. ಐವತ್ತು ದಾಟಿದ ಗಾಯಕಿಯ ದನಿ ಕೆಳಗಿಳಿಯಬೇಕು, ಈಕೆಯದು ಏರಿದೆ. ವಯಸ್ಸನ್ನು ಗೂಟಕ್ಕೆ ತೂಗುಹಾಕಿ ಬಂದಿದ್ದಾಳೆ. ಸಾಲಿನ ಕೊನೆಯಲ್ಲಿ ಸಣ್ಣ ಅವಸರವಿದೆ, ಯಾರೋ ಮನೆಯೊಳಗಿನಿಂದ ಕರೆದಾರು ಎಂಬ ಭಯಕ್ಕೆ ಹಾಡನ್ನು ಬೇಗ ಬೇಗ ಮುಗಿಸಿಕೊಳ್ಳುವ ಹುಡುಗಿಯ ಅವಸರ. ಹೀಗೆ ಆರು ಕಾಲಮ್ಮು.

ಓದಿ ನಾನು ಅಂಗಡಿಯ ಒಳಗಿನ ಕೋಣೆಗೆ ಹೋಗಿ ಕೂತೆ. ಲೇಖನ ಚೆನ್ನಾಗಿತ್ತು. ಆ ಹುಡುಗಿಯ ಮಾತು ನನಗೆ ಹೊಳೆದಿರಲಿಲ್ಲ, ಹೊಳೆಯುತ್ತಲೂ ಇರಲಿಲ್ಲ. ಅವರು ತಾವೇ ಕೇಳಿ ತಾವೇ ಬರೆದದ್ದು ಅದೊಂದೇ. ಅದಕ್ಕೆ ನಾನೇ ಮಶೀನು ತಿರುಗಿಸಿ ಕೊಟ್ಟಿದ್ದೆ.

ಯಾರಾದರೂ ತಪ್ಪು ಹಿಡಿಯುತ್ತಾರೆಂದು ಕಾದೆ. ಅಸಲು ಕ್ಯಾಸೆಟ್ ಕೊಂಡವರು ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದರು. ಅದರಲ್ಲಿ ಬಾಯಿಯ ದನಿ ದಣಿದಿದೆ, ಭಾರವಾಗಿದೆ. ಅವರೂ ಲೇಖನ ಓದಿದರು, ಓದಿ ಮತ್ತೆ ಕೇಳಿದರು, ಹೌದು ಎಷ್ಟು ಎಳೆಯ ದನಿ ಎಂದರು. ಆ ಬ್ಯಾಂಕಿನವರೂ ಅಂದರು. ಕೊನೆಗೆ ಬಾಯಿಯವರೇ ಇವರಿಗೆ ಅಂಚೆ ಕಾರ್ಡು ಬರೆದರು. ಇವರು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದು ತೋರಿಸಿದರು. 'ನನ್ನ ದನಿಯನ್ನು ಹೀಗೆ ಯಾರೂ ಕೇಳಿರಲಿಲ್ಲ' ಎಂದಿತ್ತು. ಬಾಯಿ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಾನು ಆ ಕಾರ್ಡನ್ನು ಎರಡು ಸಲ ಓದಿ ವಾಪಸು ಕೊಟ್ಟೆ.

ಆಮೇಲೆ ಅವರು ಬರುವುದು ಕಡಿಮೆಯಾಯಿತು. ಊರಿನ ಸಂಗೀತದ ಸಭೆಗಳಿಗೆಲ್ಲ ಕರೆ ಬರತೊಡಗಿತ್ತು. ಬಾಯಿಯ ಆರನೆಯ ಮತ್ತು ಕೊನೆಯ ಕ್ಯಾಸೆಟ್ಟು ಬಂದಾಗ ಮಾತ್ರ ಮತ್ತೆ ಕೌಂಟರಿಗೆ ಬಂದು ನಿಂತರು. ಅದರಲ್ಲಿ ಬಾಯಿಯ ದನಿ ಒಡೆದಿತ್ತು. ಇವರಿಗೆ ಏನು ಬರೆಯಬೇಕೆಂದು ತೋಚಿರಲಿಲ್ಲ. ಹಣ್ಣು ಒರೆಸಿದರು, ಸಿಪ್ಪೆ ಸುಲಿದರು. "ಮುಂದ?" ಎಂದರು.

ಹೇಳಬಾರದಿತ್ತು. ಹೇಳಿದೆ. ಒಡೆದ ದನಿಯನ್ನು ಮುಚ್ಚಿಡಲು ಬಾಯಿ ಯಾವ ಯಾವ ಅಕ್ಷರಗಳ ಮೇಲೆ ನಿಲ್ಲುತ್ತಾರೆ, ಯಾವುದನ್ನು ಹಾರಿಹೋಗುತ್ತಾರೆ ಎಂದು ಒಂದು ತಾಸು ಹೇಳಿದೆ. ಯಾಕೆಂದರೆ ಆ ಬಗ್ಗೆ ಮಾತಾಡಲು ಇಡೀ ಊರಿನಲ್ಲಿ ನನಗಿದ್ದವರು ಅವರೊಬ್ಬರೇ. ಇದನ್ನೂ ಅವರು ನನಗೆ ಮಾಡಿದ ಅನ್ಯಾಯದಲ್ಲೇ ಸೇರಿಸುತ್ತೇನೆ.

ಕ್ಯಾಸೆಟ್ಟಿನ ಕಾಲ ಮುಗಿಯಿತು. ಅಂಗಡಿ ಮುಚ್ಚಿ ನಾವು ಸೇಡಂ ರಸ್ತೆಯ ಕಡೆಗೆ ಮನೆ ಮಾಡಿಕೊಂಡು ಹೋದೆವು. ಚಾಚಾ ಹೋದ. ಬಾಯಿಯವರೂ ಹೋದರು. ನಾನು ಅಲ್ಲಿ ಇಲ್ಲಿ ಕಥೆ ಬರೆದೆ, ಕೆಲವರು ಓದಿದರು. ಇವರನ್ನು ಮತ್ತೆ ನೋಡಲಿಲ್ಲ. ನೋಡಿದರೆ ಏನು ಹೇಳಬೇಕೆಂದು ಮಾತ್ರ ಅಡುಗೆಮನೆಯಲ್ಲಿ ನಿಂತು ಬಹಳ ಸಲ ಹೇಳಿಕೊಂಡಿದ್ದೇನೆ. ಕೊನೆಕೊನೆಗೆ ಅದು ಬಹಳ ಚೊಕ್ಕಟವಾಗಿತ್ತು.

ಎರಡು ತಿಂಗಳ ಹಿಂದೆ ಅವರ ಹೆಂಡತಿ ಫೋನು ಮಾಡಿದರು. ವರ್ಷದ ಪುಣ್ಯತಿಥಿಗೆ ಬಾಯಿಯ ಕ್ಯಾಸೆಟ್ಟಿನ ಆರೂ ಲೇಖನಗಳನ್ನು ಪುಸ್ತಕ ಮಾಡಿಸಬೇಕೆಂದಿದ್ದಾರೆ. ಅದರ ಮುಂದೆ ಅವರ ಬಗ್ಗೆ ನಾಲ್ಕು ಮಾತು ನಾನು ಬರೆಯಬೇಕಂತೆ. ನಾನೇ ಯಾಕೆ ಎಂದು ಕೇಳಿದೆ. ಮೊಣಕಾಲು ನೋವು, ನಾನು ಬರಲಾರೆ, ನೀವೇ ಒಂದು ಸಲ ಬಂದು ಹೋಗ್ರಿ ಎಂದಷ್ಟೇ ಹೇಳಿದರು. ಹೋದೆ. ಬಸ್ಸಿನಲ್ಲಿ ಆ ಚೊಕ್ಕಟ ಮಾತುಗಳನ್ನು ಇನ್ನೊಮ್ಮೆ ಒರೆಸಿಟ್ಟುಕೊಂಡೆ. ಗಂಡನಿಗೆ ಹೇಳಲಾಗದ್ದು ಹೆಂಡತಿಗೆ ಸಲ್ಲಲಿ ಎಂದು ನಿರ್ಧಾರ ಮಾಡಿದ್ದೆ. ಆ ನಿರ್ಧಾರದ ಬಗ್ಗೆ ನನಗೆ ನಾಚಿಕೆ ಇರಲಿಲ್ಲ.

ಕಮಲಾಪುರದಲ್ಲಿ ಬಸ್ಸು ಇಳಿದು ಬಾಳೆಹಣ್ಣಿನ ಬುಟ್ಟಿಗಳನ್ನು ದಾಟಿ ಒಳಗಿನ ಓಣಿಗೆ ಹೋದರೆ ಅವರ ಮನೆ. ಹೆಂಡತಿಗೆ ಎಪ್ಪತ್ತರ ಮೇಲಿರಬೇಕು, ತೆಳ್ಳಗಿನ ಹೆಂಗಸು. ಚಹಾ ಕೊಟ್ಟರು. ಪಡಸಾಲೆಯ ಚಾಪೆಯ ಮೇಲೆ ಆರು ಹಸ್ತಪ್ರತಿಗಳನ್ನು ಸಾಲಾಗಿ ಇಟ್ಟಿದ್ದರು. ಒಂದೊಂದರ ಮೇಲೂ ಒಂದೊಂದು ಕ್ಯಾಸೆಟ್ಟಿನ ಕಾರ್ಡು. ಪಕ್ಕದಲ್ಲಿ ಹಳೆಯ ಟೇಪ್‌ರೆಕಾರ್ಡರ್.

"ಈ ಅಕ್ಷರ ನಿಮ್ಮವೇನ್ರಿ?"

"ನನ್ನವರಿ ಅಕ್ಕಾರ."

"ನಾ ಸಾಲಿ ಕಲ್ತದ್ದು ಏಳನೇತ್ತ ತನಕ. ಆದ್ರ ಎರಡು ಸಾಲು ಹೊಂದಿಸಿ ನೋಡ್ಲಾಕ ಬರ್ತದ." ಕಾರ್ಡಿನ ಮೇಲೆ ಬೆರಳಿಟ್ಟರು, ಆಮೇಲೆ ಹಸ್ತಪ್ರತಿಯ ಮೇಲೆ. "ಕುರ್ಚಿ ಅಂಚು ಇಲ್ಲ್ಯದ. ಇಲ್ಲೂ ಅದ. ತರಕಾರಿ ಚೀಲ ಇಲ್ಲ್ಯದ, ಇಲ್ಲೂ ಅದ. ಹಿಂಗ ಐದು ಆದವು."

ಬಸ್ಸಿನಲ್ಲಿ ಒರೆಸಿಕೊಂಡು ತಂದದ್ದನ್ನೆಲ್ಲ ಅವರೇ ಹೇಳಿ ಮುಗಿಸಿದ್ದರು. ಹೆಂಡತಿ ಅಲ್ಲಗಳೆಯುತ್ತಾರೆ, ಅಳುತ್ತಾರೆ, ನನ್ನನ್ನು ಬೈಯುತ್ತಾರೆ ಎಂದೆಲ್ಲ ಎಣಿಸಿದ್ದೆ. ಇದನ್ನು ಎಣಿಸಿರಲಿಲ್ಲ.

"ಈ ಐದನೇದರಾಗ ಯಾಕ ಏನೂ ಬರ್ದಿಲ್ಲ?" ಎಂದು ಕೇಳಿದರು. ಖಾಲಿ ಗೆರೆ ಹಾಗೇ ಇತ್ತು, ಸ್ವಲ್ಪ ಹಳದಿಯಾಗಿ.

ಹೇಳಿದೆ. ಮಶೀನು, ಸ್ಕ್ರೂ, ಅರ್ಧ ಸ್ವರ. ಆರಿಸಿದೆ ಎಂದು ಹೇಳಿದೆ, ಮದುವೆಯ ಹಾಡುಗಳ ಮಾತು ಎತ್ತಲಿಲ್ಲ. ಅವರಿಗೆ ಪೂರ್ತಿ ತಿಳಿಯಲಿಲ್ಲ ಅನಿಸಿ, ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿ ಮೊದಲ ಹಾಡು ಕೇಳಿಸಿದೆ. ಆಮೇಲೆ ನನ್ನ ಮೊಬೈಲಿನಲ್ಲಿ ಅದೇ ಹಾಡು. ಕ್ಯಾಸೆಟ್ಟಿನಲ್ಲಿ ಒಬ್ಬ ಹುಡುಗಿ ಅವಸರದಿಂದ ಹಾಡಿ ಹೋದಳು. ಮೊಬೈಲಿನಲ್ಲಿ ದಣಿದ ಹೆಂಗಸೊಬ್ಬಳು ಮೆಟ್ಟಿಲು ಹತ್ತುವಂತೆ ನಿಂತು ನಿಂತು ಹಾಡಿದಳು.

ಅವರು ಎರಡನ್ನೂ ಕೊನೆಯವರೆಗೆ ಕೇಳಿದರು.

"ದಿನಾ ಮುಂಜಾನೆ ಇದನ್ನೇ ಹಚ್ತಿದ್ರು," ಎಂದು ಕ್ಯಾಸೆಟ್ಟು ತೋರಿಸಿದರು. "ಉಳಿದ ಐದು ಮುಟ್ತಿದ್ದಿಲ್ಲ. ಮಗಳು ಮೊಬೈಲ್ ಕೊಡ್ಸಿದ ಮ್ಯಾಲ ಅದರಾಗ ಒಮ್ಮೆ ಕೇಳಿದ್ರು. ಅರ್ಧಕ್ಕೇ ಬಂದ್ ಮಾಡಿದ್ರು."

"ಏನಂದ್ರು?"

"ಈ ಮೊಬೈಲ್ ಸರಿ ಇಲ್ಲ ಅಂದ್ರು. ಅಂಗಡಿಗಿ ಒಯ್ದು ತೋರ್ಸಿ ಬಂದ್ರು."

ನನಗೆ ನಗು ತಡೆಯಲಾಗಲಿಲ್ಲ. ಮೊದಲು ಸಣ್ಣಗೆ ಬಂತು, ಆಮೇಲೆ ಚಹಾದ ಬಟ್ಟಲು ಕೆಳಗಿಡಬೇಕಾಯಿತು. ಗಂಡ ತೀರಿದವರ ಮನೆಯಲ್ಲಿ ಹಾಗೆ ನಗಬಾರದು. ಅವರು ನನ್ನನ್ನೇ ನೋಡುತ್ತ ಕೂತಿದ್ದರು. ನಗು ನಿಂತ ಮೇಲೆ "ಪಾಪ" ಎಂದರು. ಯಾರಿಗೆ ಅಂದರೋ ನಾನು ಕೇಳಲಿಲ್ಲ. ನನಗೆ ಅಂದಿದ್ದರೆ ಎಂಬ ಹೆದರಿಕೆ ಇತ್ತು.

ಆಮೇಲೆ ಅವರು ಐದು ಹಸ್ತಪ್ರತಿಗಳನ್ನು, ಕಾರ್ಡುಗಳ ಸಮೇತ, ಒಂದರ ಮೇಲೊಂದು ಇಟ್ಟು ನನ್ನ ಕಡೆಗೆ ಸರಿಸಿದರು. "ಇವು ನಿಮ್ಮವು. ನಿಮ್ಮ ಹೆಸರ್ಲೆ ಅಚ್ಚು ಹಾಕಿಸ್ಕೊಳ್ರಿ. ಯಾರು ಕೇಳಿದ್ರೂ ನಾ ಅಲ್ಲ ಅನ್ನಂಗಿಲ್ಲ." ಉಳಿದ ಒಂದನ್ನು, ಐದನೆಯ ಕ್ಯಾಸೆಟ್ಟಿನ 'ಹಿಂದಕ್ಕೆ ನಡೆದ ದನಿ'ಯನ್ನು, ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. "ಇದೊಂದು ಅವರದು. ಇದು ಮನ್ಯಾಗ ಇರ್ಲಿ. ಒಂದು ಲೇಖನದ್ದು ಪುಸ್ತಕ ಮಾಡಿ ಏನು ಮಾಡೂದು."

ಪುಸ್ತಕ ಅಲ್ಲಿಗೆ ನಿಂತಿತು. ಮೂವತ್ತು ವರ್ಷ ಹೊತ್ತುಕೊಂಡು ಬಂದದ್ದು ಒಂದು ಚಹಾ ಆರುವುದರೊಳಗೆ ಕೈಗೆ ಬಂದಿತ್ತು. ಕಿತ್ತುಕೊಳ್ಳುವುದಕ್ಕೆ ಬಂದವಳಿಗೆ ಎತ್ತಿ ಕೊಟ್ಟುಬಿಟ್ಟಿದ್ದರು. ಅದು ಸಾಲಲಿಲ್ಲ. ಒಳ್ಳೆಯವಳಾಗಿದ್ದರೆ ಸಾಲುತ್ತಿತ್ತು.

"ನಾ ಅವರ ಬಗ್ಗೆ ಬರೀತೀನ್ರಿ ಅಕ್ಕಾರ," ಎಂದೆ. "ಎಲ್ಲಾ ಬರೀತೀನಿ. ಮಶೀನಿಂದೂ, ಮೊಬೈಲ್ ಅಂಗಡೀದೂ."

ಅವರು ತೊಡೆಯ ಮೇಲಿನ ಕಾಗದಗಳ ಅಂಚನ್ನು ಸರಿಮಾಡಿದರು. ಬಹಳ ಹೊತ್ತು ಸರಿಮಾಡಿದರು.

"ಬರೀರಿ. ಬ್ಯಾಡ ಅನ್ಲಾಕ ನನಗ ಬಾಯಿಲ್ಲ. ಖರೆ, ಒಂದು ಮಾತು ನಡಸ್ರಿ. ಅವರ ಹೆಸರು ಹಾಕಬ್ಯಾಡ್ರಿ."

"ಆಯ್ತರಿ," ಎಂದೆ.

ಎಷ್ಟು ಬೇಗ ಅಂದೆನೆಂದರೆ ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ನಿಮ್ಮ ಮನಸು ದೊಡ್ಡದು ಎಂದರು. ಕಣ್ಣಲ್ಲಿ ನೀರಿತ್ತು. ಅಲ್ಲ ಎಂದು ಹೇಳುವುದು ಒಂದು ಮಾತಿನ ಕೆಲಸ. ನಾನು ಹೇಳಲಿಲ್ಲ. ಐದೂ ಹಸ್ತಪ್ರತಿಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಬಂದೆ.

ಕಮಲಾಪುರದಿಂದ ಕಲಬುರ್ಗಿಗೆ ಬಂದು ಪಾಠ ಹೇಳಿ ನಿವೃತ್ತರಾದವರು ಬಹಳ ಮಂದಿ. ಅವರಲ್ಲಿ ಯಾರು ಬೇಕಾದರೂ ಆಗಬಹುದು. ಕಾಲೇಜು ಯಾವುದು, ಪತ್ರಿಕೆ ಯಾವುದು, ನಾನು ಹೇಳಿಲ್ಲ. ಆ ಲೇಖನವನ್ನು ನೆನಪಿಟ್ಟವರು ಈಗ ಬೆರಳೆಣಿಕೆಯಷ್ಟಿರಬೇಕು, ಅವರಿಗೂ ವಯಸ್ಸಾಯಿತು. ಈ ಬರಹ ಅಚ್ಚಾದಾಗ ಇದರ ಮೇಲೆ ನನ್ನ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ, ಸಂಪಾದಕರಿಗೆ ಹೇಳಿದ್ದೇನೆ. ಅವರದು ಎಲ್ಲಿಯಾದರೂ ಕೈತಪ್ಪಿ ನುಸುಳಿದೆಯೇ ಎಂದು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿ ನೋಡಿದೆ. ಇಲ್ಲ.